ನಾಲ್ಕು ಬ್ಯಾಟರಿಯನ್ನು ಎರಡಕ್ಕೆ ಇಳಿಸಿದ್ದು

ಮನೆಗೆ ಇನ್ವರ್ಟರ್ ಹಾಕಿಸಬೇಕು ಎಂದು ಯಾರಾದರೂ ನನ್ನ ಹತ್ತಿರ ಸಲಹೆ ಕೇಳಲು ಬಂದರೆ, ನಾನು ಮೊದಲು ಕೇಳುವುದು ಒಂದೇ ಮಾತು: ಏನೇನು ಓಡಬೇಕು, ಎಷ್ಟು ಹೊತ್ತು ಓಡಬೇಕು? ಅವರು ಅದಕ್ಕೆ ಉತ್ತರ ಕೊಡುವುದಿಲ್ಲ, ಬೆಲೆ ಎಷ್ಟಾಗಬಹುದು ಎನ್ನುತ್ತಾರೆ. ಬೆಲೆ ಆಮೇಲೆ ಸ್ವಾಮಿ. ಬೆಲೆಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ನನ್ನನ್ನೂ ಕರೆದುಕೊಂಡು ಹೋದರೆ ಇನ್ನೂ ಸ್ವಲ್ಪ ಇಳಿಸಿ ಕೊಡುತ್ತೇನೆ, ಈ ವಯಸ್ಸಿನಲ್ಲೂ ಆ ಕೈ ಕೆಟ್ಟಿಲ್ಲ. ಆದರೆ ಬ್ಯಾಟರಿ ಎಷ್ಟು ಬೇಕು ಎಂಬ ಲೆಕ್ಕದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಒಂದು ಸಲ ಮಾಡಿದವನು ನಾನು. ಅದೂ ನನ್ನ ಮನೆಯ ಫ್ಯಾನಿಗಲ್ಲ, ಇನ್ನೊಬ್ಬರು ಜೀವಮಾನವೆಲ್ಲ ಕಾದಿದ್ದ ಒಂದು ಸಂಜೆಗೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹನುಮಂತನಗರದ ಗುಡ್ಡದ ಕೆಳಗೆ ನನ್ನದೊಂದು ಸೈಕಲ್ ಅಂಗಡಿ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು, ಪಂಕ್ಚರು, ಬ್ರೇಕು, ಬೆಲ್ಲು. ನಾನು ಓದಿದ್ದು ಲೋವರ್ ಸೆಕೆಂಡರಿಯವರೆಗೆ; ಮುಂದಿನದನ್ನೆಲ್ಲ ಅಂಗಡಿಗೆ ಬಂದ ಗಿರಾಕಿಗಳೇ ಕಲಿಸಿದರು. ಮದುವೆಯ ಕಾಲದಲ್ಲಿ ಮೈಕ್ ಸೆಟ್ಟಿನವರು ನನ್ನ ಅಂಗಡಿಯ ಮುಂದೆಯೇ ಕಹಳೆಯಂಥ ಹಾರ್ನು ಹೊತ್ತುಕೊಂಡು ದಿನಕ್ಕೆರಡು ಮನೆ ಮುಗಿಸುವುದನ್ನು ನೋಡಿ ನೋಡಿ ಹೊಟ್ಟೆ ಉರಿಯಿತು. ನಾನೂ ಒಂದು ಹಳೆಯ ಆಂಪ್ಲಿಫೈಯರು, ಎರಡು ಹಾರ್ನು, ಒಂದು ಮೈಕು, ಒಂದು ರೆಕಾರ್ಡ್ ಪ್ಲೇಯರು ಜೋಡಿಸಿಕೊಂಡೆ.

ಜೋಡಿಸಿಕೊಂಡ ಮೇಲೆ ಗೊತ್ತಾಯಿತು, ಪೇಟೆಯಲ್ಲಿ ನನಗೆ ಜಾಗವಿಲ್ಲ ಎಂದು. ಹಳಬರಿಗೆ ಹಳೆಯ ಮನೆಗಳಿದ್ದವು. ಅಕ್ಕನ ಮದುವೆಗೆ ಅವರೇ, ತಂಗಿಯ ಮದುವೆಗೂ ಅವರೇ. ಹೊಸದಾಗಿ ಕಸುಬಿಗೆ ಇಳಿದವನು ಹಳಬರು ಹೋಗದ ಕಡೆ ಹೋಗಬೇಕು. ಇದನ್ನು ಬರೆದಿಟ್ಟುಕೊಳ್ಳಿ, ಯಾವ ಕಸುಬಿಗಾದರೂ ಆಗುತ್ತದೆ. ಹಳಬರು ಹೋಗದೆ ಇದ್ದದ್ದು ಕರೆಂಟಿಲ್ಲದ ಕಡೆಗೆ. ಒಂದು ದಿಕ್ಕಿನಲ್ಲಿ ಗೊಟ್ಟಿಗೆರೆ ಕಡೆಯ ಹಳ್ಳಿಗಳು. ಇನ್ನೊಂದು, ಹತ್ತಿರದಲ್ಲೇ, ಜಯನಗರದ ಹೊಸ ಹೊಸ ಬ್ಲಾಕುಗಳು. ಅಲ್ಲಿ ಆಗ ಮನೆ ಮೊದಲು ಬರುತ್ತಿತ್ತು, ಕರೆಂಟು ಕಂಬ ಆಮೇಲೆ. ತಾರಸಿ ಮನೆ, ಮೊಸಾಯಿಕ್ ನೆಲ, ಗೇಟಿಗೆ ಹೊಸ ಬಣ್ಣ, ಒಳಗೆ ಮಾತ್ರ ಲಾಟೀನು. ಅಂಥ ಕಡೆ ಮೈಕು ಕೂಗಿಸಿದವನೇ ಗೆದ್ದ.

ಅದಕ್ಕೆ ಬೇಕಾದದ್ದು ಕನ್ವರ್ಟರ್. ಈಗಿನ ಇನ್ವರ್ಟರಿನ ಮುತ್ತಾತ ಎನ್ನಬಹುದು. ಒಂದು ಕಡೆ ಬ್ಯಾಟರಿಯ ಹನ್ನೆರಡು ವೋಲ್ಟು ಕೊಟ್ಟರೆ ಒಳಗೊಂದು ಮೋಟರು ಗಿರ್ರೆಂದು ತಿರುಗಿ, ಇನ್ನೊಂದು ಕಡೆಯಿಂದ ಮನೆಗೆ ಬರುವಂಥದ್ದೇ ಇನ್ನೂರಮೂವತ್ತು ವೋಲ್ಟು ಹೊರಡುತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಗುಜರಿಯಲ್ಲಿ ಇನ್ನೂ ಸಿಗುತ್ತಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಹಸಿರು ಬಣ್ಣದ, ಅಲ್ಲಲ್ಲಿ ನೆಗ್ಗಿದ, ಹತ್ತು ಸೇರಿನ ಕೊಳಗದಷ್ಟು ದಪ್ಪದ ಒಂದು ಕನ್ವರ್ಟರ್ ಕಣ್ಣಿಗೆ ಬಿತ್ತು. ಗುಜರಿಯಲ್ಲಿ ಬೇಕಾದ ಸಾಮಾನನ್ನು ಮೊದಲು ಮುಟ್ಟಬಾರದು. ಪಕ್ಕದಲ್ಲಿದ್ದ ಮುರುಕು ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡು, ಅದರ ಬೆಲೆ ಕೇಳಿ, ಛೀ ಅಂದು ಕೆಳಗಿಟ್ಟು, ಆಮೇಲೆ ಕಾಲಿನಿಂದ ಕನ್ವರ್ಟರನ್ನು ತಟ್ಟಿದೆ.

“ಇದು ಓಡತ್ತೇನಯ್ಯಾ?”

“ಮಿಲಿಟರಿ ಮಾಲು ಸಾರ್. ಸಖತ್ತಾಗಿ ಓಡತ್ತೆ.”

“ಓಡ್ಸಿ ತೋರ್ಸು.”

“ಬ್ಯಾಟ್ರಿ ಎಲ್ಲಿದೆ ಸಾರ್ ನನ್ ಹತ್ರ?”

“ಹಂಗಾದ್ರೆ ಓಡಲ್ಲ ಅಂತ್ಲೇ ಲೆಕ್ಕ. ಒಳಗಿರೋ ತಾಮ್ರದ ತೂಕಕ್ಕೆ ಹಾಕು.”

ಅವನು ಹಣೆ ಹಣೆ ಬಡಿದುಕೊಂಡ. ನಾನು ಮೂರು ಹೆಜ್ಜೆ ಹೊರಟೆ. ಅವನು ಕರೆದ. ಹೇಳಿದ್ದರ ಮೂರನೇ ಒಂದು ಪಾಲಿಗೆ ಸಾಮಾನು ನನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂತಿತು. ಹಾಗೆ ಮೂರು ಹೆಜ್ಜೆ ಹೊರಟೇ ನಾನು ಜೀವನದಲ್ಲಿ ಮೇಲೆ ಬಂದವನು. ಎಲ್ಲಿ ಹೋದರೂ ಅದೇ ಮೂರು ಹೆಜ್ಜೆ.

ಆ ವರ್ಷ ರಾಮನವಮಿಗೆ ಜಯನಗರದ ಒಂದು ಕರೆಂಟಿಲ್ಲದ ಬ್ಲಾಕಿನವರು ತಾವೂ ಸಂಗೀತ ಕಚೇರಿ ಇಡಬೇಕು ಎಂದು ಹೊರಟರು. ಬಸವನಗುಡಿಯಲ್ಲಿ ಇದ್ದು ಬಂದವರಿಗೆ ಚಪ್ಪರ, ಪಾನಕ, ಕಚೇರಿ ಇಲ್ಲದ ರಾಮನವಮಿ ಹಬ್ಬವೇ ಅಲ್ಲ. ಕಮಿಟಿಯ ಕಾರ್ಯದರ್ಶಿಗಳು ಯಾವುದೋ ಆಫೀಸಿನಲ್ಲಿ ಹೆಡ್ ಗುಮಾಸ್ತರು, ಉದ್ದನೆಯ ಕೋಟು, ಜೇಬಿನಲ್ಲಿ ಎರಡು ಪೆನ್ನು. ದೊಡ್ಡ ಹಾಡುಗಾರರನ್ನೆಲ್ಲ ಕೇಳಿ ಬಂದರು, ಎಲ್ಲರೂ ಬಿಡುವಿಲ್ಲ ಅಂದರು. ಕೊನೆಗೆ ತಮ್ಮ ಮಗಳಿಗೆ ವೀಣೆ ಕಲಿಸುತ್ತಿದ್ದ ಹನುಮಂತನಗರದ ಟೀಚರಮ್ಮನವರನ್ನೇ ಒಪ್ಪಿಸಿದರು. ಒಪ್ಪಿಸಿ, ನನ್ನ ಅಂಗಡಿಗೆ ಬಂದು, ನನ್ನ ಮೈಕು ಗೊತ್ತುಮಾಡಿ, ಹೋಗುವಾಗ ತಗ್ಗಿದ ದನಿಯಲ್ಲಿ, “ವೀಣೆ ಅಂದ್ರೆ ಮನೆ ಒಳಗಿನ ವಾದ್ಯ ನೋಡಿ. ಜನ ಕೂರ್ತಾರೋ ಇಲ್ವೋ. ನಮ್ಮ ಗ್ರಹಚಾರ,” ಅಂದರು.

ಮರುದಿನ ಟೀಚರಮ್ಮನವರೇ ಬಂದರು. ಐವತ್ತರ ಹತ್ತಿರದ ವಯಸ್ಸು, ಬಿಗಿಯಾದ ತುರುಬು, ಕೈಯಲ್ಲಿ ಕೊಡೆ. ಅಂಗಡಿಯ ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರವೇ ನಿಂತರು.

“ಮೈಕಿನವರು ನೀವೇನಾ?”

“ಹೌದಮ್ಮ. ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ಒಂದು ಕೇಳ್ಬೇಕಿತ್ತು. ಕೊನೇ ಸಾಲಿಗೆ ಕೇಳಿಸತ್ತಾ?”

“ಏನಮ್ಮ ಹಿಂಗಂತೀರಾ! ಯಡಿಯೂರು ಕೆರೆವರ್ಗೂ ಕೇಳ್ಸತ್ತೆ.”

“ಕೆರೆ ಬೇಡ. ಕೊನೇ ಸಾಲು ಸಾಕು.” ಕೊಡೆಯನ್ನು ಮೆಟ್ಟಿಲಿಗೆ ಊರಿ ಹೇಳಿದರು: “ಮೂವತ್ತು ವರ್ಷ ಪಾಠ ಹೇಳಿದೀನಿ. ಹುಡುಗಿ ನೋಡೋಕೆ ಗಂಡಿನ ಕಡೆಯವರು ಬಂದಾಗ ನಮ್ಮ ಹುಡುಗೀರು ನುಡಿಸ್ತಾರೆ, ಮದುವೆ ಆದ್ಮೇಲೆ ವೀಣೆ ಅಟ್ಟಕ್ಕೆ ಹೋಗತ್ತೆ. ನನ್ನನ್ನ ಮಾತ್ರ ಯಾರೂ ಚಪ್ಪರಕ್ಕೆ ಕರೀಲಿಲ್ಲ, ವೀಣೆ ಕೇಳ್ಸಲ್ಲ ಅಂತಾರೆ. ಈ ಸಲ ಕೇಳಿಸದೆ ಜನ ಎದ್ದು ಹೋದ್ರೆ ಇನ್ನು ಮೇಲೂ ಯಾರೂ ಕರೆಯಲ್ಲ. ಅದಕ್ಕೇ ಕೇಳ್ದೆ.”

“ಕೇಳಿಸದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ ಅಮ್ಮ,” ಅಂದೆ. ಆಗ ನನಗೆ ಇಂಥ ಮಾತೆಲ್ಲ ಸಲೀಸಾಗಿ ಬರುತ್ತಿತ್ತು.

ಅಂದು ಮಧ್ಯಾಹ್ನ ಬಾಡಿಗೆ ಸೈಕಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಆಂಪ್ಲಿಫೈಯರಿನ ಬೆನ್ನ ಮೇಲೆ ನೂರು ವಾಟು ಎಂದು ಬರೆದಿತ್ತು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು, ಇಷ್ಟನ್ನು ಒಬ್ಬ ರೇಡಿಯೋ ರಿಪೇರಿಯವನು ಪಂಕ್ಚರಿಗೆ ಬಂದಾಗ ಕಲಿಸಿದ್ದ. ನೂರನ್ನು ಹನ್ನೆರಡರಿಂದ ಭಾಗಿಸು, ಎಂಟೂ ಚಿಲ್ಲರೆ, ಒಂಬತ್ತು ಅನ್ನು. ಕಚೇರಿ ಆರರಿಂದ ಎಂಟೂವರೆ, ಎರಡೂವರೆ ಗಂಟೆ, ಮೂರು ಅನ್ನು. ಒಂಬತ್ತು ಮೂರಲಿ ಇಪ್ಪತ್ತೇಳು. ಬ್ಯಾಟರಿಯ ಮೇಲೆ ಅರವತ್ತು ಎಂದು ಬರೆದಿರುತ್ತದೆ, ಅಂದರೆ ಒಂದು ಆಂಪಿಯರಿನಂತೆ ಅರವತ್ತು ಗಂಟೆ. ಒಂದೇ ಬ್ಯಾಟರಿ ಸಾಕು, ಅರ್ಧಕ್ಕಿಂತ ಹೆಚ್ಚು ಮಿಕ್ಕುತ್ತದೆ! ಲೆಕ್ಕದ ಕೆಳಗೆ ಎರಡು ಗೆರೆ ಎಳೆದು ಕಲಾಸಿಪಾಳ್ಯಕ್ಕೆ ಹೊರಟೆ.

ಅಲ್ಲಿ ಬ್ಯಾಟರಿ ಚಾರ್ಜು ಮಾಡಿ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಸಾಲಾಗಿ ಇಟ್ಟ ಬ್ಯಾಟರಿಗಳೆಲ್ಲ ಬಾಯಿ ತೆರೆದುಕೊಂಡು ಗುಳುಗುಳು ಅನ್ನುತ್ತಿದ್ದವು. ಅಂಗಡಿಯ ಮುದುಕರ ಷರಟಿನ ತುಂಬ ಆಸಿಡ್ ಬಿದ್ದ ತೂತು. ಕಡಿಮೆ ಮಾತಿನವರು.

“ಏನ್ ಓಡಿಸ್ತೀರಾ?”

“ಕನ್ವರ್ಟರ್. ಅದಕ್ಕೆ ನೂರು ವಾಟಿನ ಆಂಪ್ಲಿಫೈಯರ್. ರಾಮನವಮಿ ಕಚೇರಿ, ಎರಡೂವರೆ ಗಂಟೆ.”

“ನಾಲ್ಕು ತಗೊಂಡೋಗಿ.”

“ನಾಲ್ಕಾ! ನಾನೇನ್ ಮೈಸೂರಿಗೆ ಬಸ್ಸು ಬಿಡ್ತೀನಾ ಅಣ್ಣಾ? ಒಂದು ಸಾಕು.” ನನ್ನ ಹಾಳೆ ತೆಗೆದು ತೋರಿಸಿದೆ.

ಮುದುಕರು ಹಾಳೆಯನ್ನು ದೂರ ಹಿಡಿದು ನೋಡಿದರು. “ಕನ್ವರ್ಟರ್ ಏನ್ ಪುಕ್ಕಟೆ ತಿರುಗತ್ತಾ? ಹೊರಗೆ ನೂರು ಕೊಡ್ಬೇಕಾದ್ರೆ ಒಳಗೆ ಇನ್ನೂರು ತಿನ್ನತ್ತೆ. ನಿಮ್ಮ ಒಂಬತ್ತು ಹದಿನೇಳಾಯ್ತು. ಬ್ಯಾಟ್ರಿ ಮೇಲೆ ಬರ್ದಿರೋ ಅರವತ್ತು ಹೊಸ ಬ್ಯಾಟ್ರಿದು. ಇವು ಬಾಡಿಗೇವು, ನಲವತ್ತು ಅನ್ಕೊಳ್ಳಿ. ಅದ್ರಲ್ಲೂ ಅರ್ಧ ಕಳೆದ್ಮೇಲೆ ವೋಲ್ಟು ಕುಸಿಯಕ್ಕೆ ಶುರು. ಆಮೇಲೆ, ಎರಡೂವರೆ ಗಂಟೆ ಅಂತ ಯಾರ್ ಹೇಳಿದ್ದು?”

“ಕಮಿಟಿಯವ್ರು.”

“ಕಮಿಟಿಯವ್ರು!” ಎಂದು ಮುದುಕರು ಒಂದು ಸಲ ನಕ್ಕರು.

ಅವರು ಹೇಳಿದ ಒಂದೊಂದು ಮಾತೂ ನಿಜ. ಇವತ್ತು ನನ್ನ ಹತ್ತಿರ ಇನ್ವರ್ಟರ್ ಸಲಹೆ ಕೇಳುವವರಿಗೆ ನಾನು ಹೇಳುವುದೂ ಅದನ್ನೇ: ಮೊದಲು ಯಂತ್ರ ತಾನೇ ನುಂಗುವುದನ್ನು ಸೇರಿಸಿ, ಬ್ಯಾಟರಿಯ ವಯಸ್ಸು ನೋಡಿ, ಅದರಲ್ಲಿ ಅರ್ಧವನ್ನು ಮಾತ್ರ ನಿಮ್ಮದು ಅಂದುಕೊಳ್ಳಿ. ಆದರೆ ಅಂದು ನನ್ನ ಕಿವಿಗೆ ಅದು ಗುಜರಿಯಲ್ಲಿ ನೂರು ಸಲ ಕೇಳಿದ ರಾಗದಂತೆ ಕೇಳಿಸಿತು. ಮಾರುವವನು ನಾಲ್ಕು ಅಂದರೆ ಅದು ಆರಂಭ. ಕೊಳ್ಳುವವನು ಒಂದು ಅನ್ನಬೇಕು. ನಡುವೆ ಎಲ್ಲೋ ಒಂದು ಕಡೆ ಇಬ್ಬರೂ ನಿಲ್ಲಬೇಕು. ಲೋಕ ನಡೆಯುವುದೇ ಹಾಗೆ ಎಂದು ನಂಬಿದ್ದವನು ನಾನು.

ಮೂರು ಹೆಜ್ಜೆ ಹೊರಟೆ.

“ಬನ್ನಿ, ಬನ್ನಿ,” ಎಂದರು ಮುದುಕರು. “ಮೂರಾದ್ರೂ ತಗೊಂಡೋಗಿ.”

“ಎರಡು. ಅದೂ ನಿಮ್ಮ ಮುಖ ನೋಡಿ.”

“ಎರಡಕ್ಕೆ ನಾನು ಒಪ್ಕೋತೀನಿ ಸ್ವಾಮಿ. ಬ್ಯಾಟ್ರಿ ಒಪ್ಕೊಳ್ಳಲ್ಲ.”

ಎರಡನ್ನು ಜಟಕಾದಲ್ಲಿ ಹಾಕಿಸಿಕೊಂಡು, ಗೆದ್ದವನ ಹಾಗೆ ಕಾಲು ಚಾಚಿ ಕೂತು ಬಂದೆ.

ರಾಮನವಮಿಯ ದಿನ ಮೂರೂವರೆಗೆಲ್ಲ ಚಪ್ಪರದಲ್ಲಿದ್ದೆ. ಖಾಲಿ ಸೈಟಿನಲ್ಲಿ ಸೋಗೆ ಹೊದಿಸಿದ ಚಪ್ಪರ, ಮಾವಿನ ತೋರಣ, ಒಂದು ಮೂಲೆಯಲ್ಲಿ ಪಾನಕದ ಕೊಳದಪ್ಪಲೆ. ದೀಪಕ್ಕೆ ಗ್ಯಾಸ್ ಲೈಟು ಬಂದಿದ್ದವು, ಹಾಗಾಗಿ ನನ್ನ ಬ್ಯಾಟರಿಗೆ ಮೈಕೊಂದೇ ಹೊಣೆ. ಕನ್ವರ್ಟರ್ ಗುಂಯ್‌ಗುಟ್ಟುವ ಪ್ರಾಣಿಯಾದ್ದರಿಂದ ಅದನ್ನು ಚಪ್ಪರದ ಹಿಂದೆ ದೂರದಲ್ಲಿ ಗೋಣಿಚೀಲದ ಮೇಲೆ ಕೂರಿಸಿದೆ. ಎರಡು ಬ್ಯಾಟರಿಯನ್ನು ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ಕಟ್ಟಿದೆ. ಟೀಚರಮ್ಮನವರು ಬೇಗ ಬಂದು ಶ್ರುತಿ ಮಾಡಿಕೊಂಡು ಒಂದು ನಿಮಿಷ ನುಡಿಸಿ ತೋರಿಸಿದರು. ನಾನು ಕೊನೇ ಸಾಲಿನ ಜಮಖಾನದ ಹಿಂದೆ ಹೋಗಿ ನಿಂತೆ. ಸಂಗೀತ ನನಗೆ ತಿಳಿಯದು. ಆದರೆ ಒಂದು ತಂತಿಯನ್ನು ಮೀಟಿ, ಅದು ಸಾಯುವುದಕ್ಕೆ ಮೊದಲು ಅದನ್ನೇ ಎಳೆದು ಇನ್ನೊಂದು ಕಡೆ ಒಯ್ಯುವುದು, ಆ ಎಳೆತದ ಕೊನೆಯ ಎಳೆಯೂ ಅಷ್ಟು ದೂರ ನಿಂತ ನನ್ನ ಕಿವಿಗೆ ಬಂತು. ಕೈ ಎತ್ತಿ ತೋರಿಸಿದೆ. ಅವರು ಮೊದಲ ಸಲ ನಕ್ಕರು.

ನಾಲ್ಕು ಗಂಟೆಗೆ ಕಾರ್ಯದರ್ಶಿಗಳು ಬಂದರು. “ರೆಕಾರ್ಡ್ ಹಾಕ್ಬಿಡಿ.”

“ಸಾರ್, ಕಚೇರಿ ಆರಕ್ಕಲ್ವಾ?”

“ಜನ ಸೇರ್ಬೇಕಲ್ಲ ಮಹರಾಯ್ರೇ? ಸುತ್ತಮುತ್ತ ಬ್ಲಾಕಿಗೆಲ್ಲ ಇಲ್ಲಿ ಏನೋ ನಡೀತಿದೆ ಅಂತ ಗೊತ್ತಾಗ್ಬೇಕು. ಮೈಕ್ ತಂದು ಸುಮ್ನೆ ಇಟ್ಕೊಂಡ್ರೆ ಏನ್ ಚಂದ?”

ಹಬ್ಬದ ಮೈಕು ಎಂದರೆ ಮೊದಲು ಎರಡು ಗಂಟೆ ರೆಕಾರ್ಡು ಕೂಗಲೇಬೇಕು, ಇದು ಬೆಂಗಳೂರಿನ ಪದ್ಧತಿ. ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಹಾಳೆಯ ಮೇಲೆ ಬರೆಯುವಾಗ ಕಚೇರಿಯನ್ನು ಮಾತ್ರ ಬರೆದೆ, ಅಷ್ಟೆ. ನಿಮ್ಮ ಮನೆಯ ಲೆಕ್ಕ ಹಾಕುವಾಗ ನೀವು ಓಡಿಸಬೇಕು ಎಂದುಕೊಂಡದ್ದನ್ನಲ್ಲ, ಮನೆಯವರು ನಿಜವಾಗಿ ಓಡಿಸುವುದನ್ನು ಬರೆಯಿರಿ.

ಆರು ಗಂಟೆಗೆ ಒಂದು ಕರೀ ಕಾರು ಬಂದು ಚಪ್ಪರದ ಪಕ್ಕ ನಿಂತಿತು. ಅಧ್ಯಕ್ಷರು. ಸಾರಕ್ಕಿ ಕಡೆಯ ಗೌಡರು. ಹಿಂದೆ ಹೊಲವಿದ್ದ ಕಡೆ ಇಟ್ಟಿಗೆ ಗೂಡು ಹಾಕಿ, ಆ ಬ್ಲಾಕಿನ ಅರ್ಧ ಮನೆಗಳಿಗೆ ಇಟ್ಟಿಗೆ ಕೊಟ್ಟವರು. ಜರಿ ಪೇಟ, ಸಿಲ್ಕ್ ಜುಬ್ಬ, ಒರೆಸಿದಷ್ಟೂ ಬೆವರು. ಕಾರ್ಯದರ್ಶಿಗಳು ಎಲ್ಲಿಂದಲೋ ಒಂದು ಟೇಬಲ್ ಫ್ಯಾನು ಹಿಡಿದುಕೊಂಡು ಓಡಿಬಂದು, ಅದರ ಪ್ಲಗ್ಗನ್ನು ನನ್ನ ಬೋರ್ಡಿಗೆ ತುರುಕಿದರು.

“ಸಾರ್, ಸಾರ್! ಅದು ಬ್ಯಾಟ್ರಿ ತಿನ್ನತ್ತೆ!”

“ಒಂದು ಫ್ಯಾನು ಎಷ್ಟ್ ತಿನ್ನತ್ತೆ? ಅಧ್ಯಕ್ಷರು ಬೆವರ್ತಾ ಮಾತಾಡಕ್ಕಾಗತ್ತಾ?”

ಗೌಡರು ಮೈಕಿನ ಮುಂದೆ ಬಂದು, “ಎರಡೇ ಮಾತು ಹೇಳಿ ಕೂತ್ಕೋತೀನಿ,” ಎಂದರು. ಈ ಎರಡೇ ಮಾತಿನವರನ್ನು ಕಂಡರೆ ನನಗೆ ಈಗಲೂ ಎದೆ ಡವಗುಟ್ಟುತ್ತದೆ. ರಾಮನಿಂದ ಶುರುಮಾಡಿದರು, ಸೇತುವೆಗೆ ಬಂದರು, ಸೇತುವೆಗೆ ಕಲ್ಲು ಯಾಕೆ, ಇಟ್ಟಿಗೆ ಯಾಕಲ್ಲ ಎಂಬಲ್ಲಿಗೆ ಬಂದರು, ಅಲ್ಲಿಂದ ಮಣ್ಣು, ಗೂಡು, ಸೌದೆ, ತಮ್ಮ ತಾತ. ಜನ ನಗುತ್ತಿದ್ದರು, ಮಾತು ಚೆನ್ನಾಗಿಯೇ ಇತ್ತು. ವೇದಿಕೆಯ ಮೂಲೆಯಲ್ಲಿ ಟೀಚರಮ್ಮನವರು ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು, ಪಕ್ಕದಲ್ಲಿ ಮೃದಂಗದವರು. ಭಾಷಣ ಮುಗಿದು, ಹಾರ ಹಾಕಿ, ಕಾರ್ಯದರ್ಶಿಗಳು ವಂದನೆ ಹೇಳುವಾಗ ಏಳು ಗಂಟೆ.

ಕಚೇರಿ ಶುರುವಾಯಿತು. ಮೊದಲ ಕೃತಿ ಕೊನೇ ಸಾಲಿನವರೆಗೂ ಗಂಟೆ ಹೊಡೆದಂತೆ ಹೋಯಿತು. ಜನ ಅಲುಗಾಡಲಿಲ್ಲ. ನಾನು ಚಪ್ಪರದ ಹಿಂದೆ ಹೋಗಿ ಕನ್ವರ್ಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ, ಕೂತ ಕೂಡಲೇ ತಿಳಿಯಿತು. ಅದರ ಗುಂಯ್ ಸಂಜೆಯಲ್ಲಿದ್ದಷ್ಟು ಮೇಲಿರಲಿಲ್ಲ. ಅವರ ವೀಣೆ ಒಂದು ಶ್ರುತಿಯಲ್ಲಿದ್ದರೆ, ನನ್ನ ಕನ್ವರ್ಟರ್ ಮೆಲ್ಲನೆ ಇನ್ನೊಂದು ಶ್ರುತಿಗೆ ಇಳಿಯುತ್ತಿತ್ತು. ಮುದುಕರ ಮಾತಿನಂತೆ ನೆಲದ ಮೇಲೆ ಕಡ್ಡಿಯಲ್ಲಿ ಬರೆದೆ. ಎರಡು ಬ್ಯಾಟರಿ, ಎಂಬತ್ತು. ರೆಕಾರ್ಡಿಗೆ ಹದಿನೇಳರಂತೆ ಎರಡು ಗಂಟೆ, ಮೂವತ್ತನಾಲ್ಕು. ಭಾಷಣದ ಒಂದು ಗಂಟೆ, ಫ್ಯಾನೂ ಸೇರಿ, ಇಪ್ಪತ್ತನಾಲ್ಕು. ಐವತ್ತೆಂಟು ಹೋಗಿದೆ. ಅರ್ಧ ಯಾವಾಗಲೋ ದಾಟಿದೆ. ಟೀಚರಮ್ಮನವರ ಪಾಲಿಗೆ ಉಳಿದದ್ದು ಬ್ಯಾಟರಿಯ ತಳದ ಗಸಿ. ಓಡಿಹೋಗಿ ಫ್ಯಾನಿನ ಪ್ಲಗ್ಗು ಕಿತ್ತೆ. ತಡವಾಗಿತ್ತು.

ಅವರು ದೊಡ್ಡ ರಾಗವನ್ನು ಎತ್ತಿಕೊಂಡ ಹೊತ್ತಿಗೆ ಹಾರ್ನುಗಳು ನೆಗಡಿ ಬಂದಂತೆ ಆದವು. ಆಮೇಲೆ ಪಿಸುಗುಟ್ಟಿದವು. ವೀಣೆ ಹಿಂದಿನ ಸಾಲಿನಿಂದ ಒಂದೊಂದೇ ಸಾಲು ಮುಂದಕ್ಕೆ ಸರಿಯಿತು; ಮೃದಂಗ ಮಾತ್ರ ಯಾವ ಕರೆಂಟೂ ಬೇಡದೆ ದಬದಬ ಎನ್ನುತ್ತಿತ್ತು. ಹಿಂದೆ ಒಬ್ಬರು ಎದ್ದರು. ಇಬ್ಬರು ಚಪ್ಪಲಿ ಹುಡುಕಿದರು. ಟೀಚರಮ್ಮನವರು ತಲೆ ಎತ್ತಿ ಅವರನ್ನು ನೋಡಿದರು, ನನ್ನನ್ನೂ ನೋಡಿದರು, ಮತ್ತೆ ತಲೆ ತಗ್ಗಿಸಿ ನುಡಿಸುತ್ತಲೇ ಹೋದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮುಂದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಗೌಡರಿಗೆ ಸದ್ದು ತಗ್ಗಿದ್ದರಿಂದ ಎಚ್ಚರವಾಯಿತು. “ಮುಗೀತಾ?” ಎಂದು ಎದ್ದು, ಹಾರ ತೆಗೆದು ಕಾರಿನ ಕಡೆ ಹೊರಟರು. ಕಾರು! ಕಾರಿನೊಳಗೆ ಹನ್ನೆರಡು ವೋಲ್ಟು! ನಾನು ಬೇಲಿ ಹಾರಿ ಅವರ ಮುಂದೆ ಹೋಗಿ ನಿಂತೆ.

“ಗೌಡ್ರೇ, ಒಂದ್ ಉಪಕಾರ ಆಗ್ಬೇಕು.”

“ಚಂದಾ ಕೊಟ್ಟಾಯ್ತಲ್ಲಪ್ಪಾ.”

“ಚಂದಾ ಅಲ್ಲ. ನಿಮ್ಮ ಕಾರಿನ ಬ್ಯಾಟ್ರಿ ಬೇಕು. ಕಚೇರಿ ಮುಗಿಯೋವರ್ಗೆ.”

“ಅದನ್ ಕಿತ್ಕೊಟ್ಟು ನಾನ್ ಹೆಂಗ್ಲಾ ಮನೆಗೋಗ್ಲಿ? ಹೆಗಲ ಮೇಲೆ ಕಾರ್ ಹೊತ್ಕೊಂಡಾ?”

ಇಂಥ ಕಡೆ ಸಾಮಾನ್ಯವಾಗಿ ನನ್ನ ಬಾಯಲ್ಲಿ ಹತ್ತು ಮಾತು ತಯಾರಿರುತ್ತವೆ. ಮೊದಲು ಹೊಗಳಬೇಕು, ಆಮೇಲೆ ಹೆದರಿಸಬೇಕು, ಕೊನೆಗೆ ಮೂರು ಹೆಜ್ಜೆ. ಆದರೆ ಇಲ್ಲಿ ಹೊರಟು ನಿಂತವರು ಅವರು, ಬೇಕಾಗಿದ್ದದ್ದು ನನಗೆ.

“ನಾನು ತಪ್ಪು ಮಾಡ್ದೆ ಗೌಡ್ರೇ,” ಅಂದೆ. “ಅಂಗಡಿಯೋರು ನಾಲ್ಕು ಬ್ಯಾಟ್ರಿ ಬೇಕು ಅಂದ್ರು. ನಾನು ಚೌಕಾಸಿ ಮಾಡಿ ಎರಡಕ್ಕೆ ಇಳಿಸ್ದೆ. ಆ ಅಮ್ಮ ಮೂವತ್ತು ವರ್ಷದಲ್ಲಿ ಇದೇ ಮೊದಲ್ನೇ ಸಲ ಚಪ್ಪರದಲ್ಲಿ ಕೂತಿರೋದು. ಇವತ್ತು ಜನ ಎದ್ದೋದ್ರೆ ಇನ್ನ್ ಯಾರೂ ಕರೆಯಲ್ಲ ಅವ್ರನ್ನ.”

ಗೌಡರು ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. “ಎಂಥಾ ಆಸಾಮಿನಪ್ಪಾ ನೀನು! ನಮ್ ಗೂಡಿಗೂ ಬತ್ತಾರೆ ಇಂಥೋರು. ಗೋಡೆಗೆ ಇಷ್ಟ್ ಸಾವ್ರ ಇಟ್ಟಿಗೆ ಬೇಕು ಅಂದ್ರೆ, ಅದ್ರಲ್ಲೂ ಬುಟ್ಕೊಡಿ ಅಂತಾರೆ. ರೇಟಲ್ಲಿ ಬುಟ್ಕೊಡ್ಬೋದು, ಗೋಡೆ ಎತ್ರದಾಗೆ ಹೆಂಗ್ ಬುಡೋದು?” ನಗು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು: “ನನ್ ಮಾತ್ಗೂ ಏನಾರ ಖರ್ಚಾಯ್ತಾ?”

“ಆಯ್ತು ಗೌಡ್ರೇ. ಫ್ಯಾನಿಗೂ.”

“ಅಲ್ಲಯ್ಯಾ, ಆವಾಗ್ಲೇ ಹೇಳ್ಬಾರ್ದಾಗಿತ್ತಾ? ಇಟ್ಟಿಗೆ ವಿಚಾರ ಬುಟ್ಬುಡ್ತಿದ್ದೆ.” ಕೀಲಿ ತೆಗೆದು ನನ್ನ ಕೈಗೆ ಹಾಕಿದರು. “ಬಿಚ್ಕೋ. ಆದ್ರೆ ಆವಮ್ಮ ನುಡಿಸೋದು ನಂಗೊಂದೂ ತಿಳ್ಯಾಕಿಲ್ಲ. ಪಕ್ಕದಾಗೆ ಯಾರಾದ್ರೂ ಕೂತು ಹೇಳ್ಕೊಡ್ಲಿ.”

ಹಾಗೆ ಕಾರ್ಯದರ್ಶಿಗಳು ಅಧ್ಯಕ್ಷರ ಪಕ್ಕದಲ್ಲಿ ಕೂತು ರಾಗದ ಪಾಠ ಹೇಳುವ ಹಾಗಾಯಿತು. ನಾನು ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ಇಳಿದೆ. ಇಲ್ಲೊಂದು ಮಾತು, ಮರೆಯಬೇಡಿ: ಬತ್ತಿದ ಬ್ಯಾಟರಿಯ ಜೊತೆಗೆ ತುಂಬಿದ್ದನ್ನು ಕಟ್ಟಬಾರದು. ಬತ್ತಿದ್ದು ತಾನು ಕುಡಿಯುವುದರಲ್ಲೇ ಅದನ್ನೂ ಮುಗಿಸುತ್ತದೆ. ಹಳೆಯ ಎರಡನ್ನೂ ಪೂರ್ತಿ ಬಿಚ್ಚಿ, ಕಾರಿನದೊಂದನ್ನೇ ಕಟ್ಟಬೇಕು. ಅಂದರೆ ಸ್ವಲ್ಪ ಹೊತ್ತು ಮೈಕು ಪೂರ್ತಿ ಸತ್ತಿರಬೇಕು.

ಸತ್ತಿತು. ಪಿಸುಮಾತೂ ಇಲ್ಲ. ನಾನು ನಟ್ಟು ತಿ‍ರುಗಿಸುತ್ತಿದ್ದೆ, ಕಿವಿಯೆಲ್ಲ ಚಪ್ಪರದ ಕಡೆ. ಎದ್ದು ಹೋಗುವ ಕಾಲಿನ ಸದ್ದಿಗೆ ಕಾಯುತ್ತಿದ್ದೆ. ಮೃದಂಗದವರು ಪುಣ್ಯಾತ್ಮರು, ಬೆರಳ ತುದಿಯಲ್ಲಿ ಮುಟ್ಟಿಯೂ ಮುಟ್ಟದಂತೆ ನುಡಿಸತೊಡಗಿದರು. ಅದರ ಸಂದಿನಲ್ಲಿ ವೀಣೆ, ಸೊಳ್ಳೆಯಷ್ಟು ಸಣ್ಣಗೆ, ಆದರೆ ನಿಲ್ಲದೆ. ಹಿಂದಿನಿಂದ ಯಾರೋ ಒಬ್ಬರು, “ಶ್! ಮಾತಾಡ್ಬೇಡ್ರೀ, ಮುಂದೆ ಬಂದು ಕೂತ್ಕೊಳ್ರೀ,” ಎಂದು ಗದರಿದ್ದು ಕೇಳಿಸಿತು.

ತಂತಿ ಸಿಕ್ಕಿಸಿ ಸ್ವಿಚ್ ಒತ್ತಿದೆ. ಕನ್ವರ್ಟರ್ ಗಿರ್ರೆಂದು ಮೇಲಕ್ಕೆ ಹೋಯಿತು. ಆಂಪ್ಲಿಫೈಯರಿನ ಗಾಜಿನ ವಾಲ್ವುಗಳು ಬಿಸಿಯಾಗಲು ಅರ್ಧ ನಿಮಿಷ ಬೇಕು. ಅಷ್ಟು ಉದ್ದದ ಅರ್ಧ ನಿಮಿಷವನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ಸೋಗೆಯ ಮೇಲಿಂದ, ಎರಡೂ ಹಾರ್ನಿನಿಂದ, ವೀಣೆ ಬಂತು. ಎಳೆದ ತಂತಿಯ ನಡುವಿನಿಂದಲೇ ಬಂತು. ಜನ “ಆಹಾ” ಅಂದರು. ಅದು ಟೀಚರಮ್ಮನವರ ಕೈಗೆ ಹೇಳಿದ್ದು, ನನ್ನ ಬ್ಯಾಟರಿಗಲ್ಲ; ಆದರೂ ನಾನೂ ಸ್ವಲ್ಪ ತೆಗೆದುಕೊಂಡೆ.

ಮುಂದಿನ ಮುಕ್ಕಾಲು ಗಂಟೆ ನಾನು ಕನ್ವರ್ಟರಿನ ಪಕ್ಕದಿಂದ ಏಳಲಿಲ್ಲ. ಕಾರಿನ ಬ್ಯಾಟರಿ ಗಟ್ಟಿಯಾಗಿತ್ತು. ಅವರು ಮಂಗಳ ನುಡಿಸಿ ವೀಣೆಗೆ ಕೈಮುಗಿದಾಗ ಇನ್ನೂ ಗುಂಯ್ ಒಂದೇ ಎತ್ತರದಲ್ಲಿತ್ತು.

ಜನ ಪಾನಕಕ್ಕೆ ಮುಗಿಬಿದ್ದರು. ಅವರ ನಡುವಿನಿಂದ ಒಬ್ಬರು ವೇದಿಕೆಯ ಕಡೆ ಬಂದರು. ಮುಂದೆ ಬಂದು ಕೂತ್ಕೊಳ್ರೀ ಎಂದು ಗದರಿದ್ದು ಅವರೇ ಎಂದು ದನಿಯಿಂದ ಗೊತ್ತಾಯಿತು. ಬನಶಂಕರಿ ಕಡೆಯ ಭಜನಾ ಮಂಡಳಿಯವರಂತೆ. ಮೈಕಿನ ಗಿರಾಕಿ ಬಂತು ಎಂದು ನಾನು ಕೈ ಒರೆಸಿಕೊಂಡು ಎದ್ದು ನಿಂತೆ. ಅವರು ನನ್ನನ್ನು ದಾಟಿ ನೇರವಾಗಿ ಟೀಚರಮ್ಮನವರ ಹತ್ತಿರ ಹೋದರು.

“ಅಮ್ಮಾ, ನವರಾತ್ರಿಗೆ ನಮ್ಮಲ್ಲೂ ನುಡಿಸ್ಬೇಕು. ಸಂಭಾವನೆ ಏನು ಅಂತ...”

ನಾನು ಅವರ ಬೆನ್ನ ಹಿಂದೆ ನಿಂತು ಟೀಚರಮ್ಮನವರಿಗೆ ಕಣ್ಣಲ್ಲೇ ಸನ್ನೆ ಮಾಡಿದೆ: ಜಾಸ್ತಿ ಹೇಳಿ, ಮೊದಲು ಜಾಸ್ತಿ ಹೇಳಿ! ಅವರು ನನ್ನ ಕಡೆ ತಿರುಗಲೇ ಇಲ್ಲ.

“ಸಂಭಾವನೆ ನಿಮಗೆ ತೋಚಿದ್ದು ಕೊಡಿ. ಭಾಷಣ ಎಲ್ಲ ನನ್ನ ಕಚೇರಿ ಆದ್ಮೇಲೆ ಇಟ್ಕೊಳ್ಳಿ.”

“ಅದು ಹ್ಯಾಗಾಗತ್ತಮ್ಮಾ? ಅಧ್ಯಕ್ಷರು ಮೊದಲು ಮಾತಾಡೋದು ಪದ್ಧತಿ...”

ಟೀಚರಮ್ಮನವರು ವೀಣೆಗೆ ಗವಸು ಹಾಕಿ, ಅದರ ದಾರ ಕಟ್ಟುತ್ತಿದ್ದರು. ಒಂದು ಗಂಟು. ಇನ್ನೊಂದು ಗಂಟು. ಎಲ್ಲಿಗೂ ಹೊರಡಲಿಲ್ಲ, ಮುಖದಲ್ಲಿ ಬೇಸರವೂ ಇರಲಿಲ್ಲ. ಅವರು ಮೂರನೇ ಗಂಟು ಬಿಗಿಯುವಷ್ಟರಲ್ಲಿ ಭಜನಾ ಮಂಡಳಿಯವರೇ, “ಆಯ್ತಮ್ಮ. ಆಮೇಲೇ ಇಟ್ಕೊಳ್ಳೋಣ,” ಅಂದರು.

“ಏನಯ್ಯಾ, ನನ್ ಬ್ಯಾಟ್ರಿ ಕೊಡ್ತೀಯೋ, ಇಲ್ಲಾ ಬಾಡ್ಗೆ ಸೈಕಲ್ ಕೊಡ್ತೀಯೋ?” ಎಂದು ಗೌಡರು ಕಾರಿನ ಹತ್ತಿರದಿಂದ ಕೂಗಿದರು. ಓಡಿಹೋಗಿ ಬ್ಯಾಟರಿ ಕೂರಿಸಿದೆ. ಮೈಕಿಗೆ ಸಾಕಾಗಿದ್ದ ಕಸುವು ಕಾರನ್ನು ಸ್ಟಾರ್ಟ್ ಮಾಡಲು ಸಾಲಲಿಲ್ಲ. ಮುಂದೆ ಎಂಜಿನ್ ತಿರುಗಿಸುವ ಹ್ಯಾಂಡಲ್ ತೂರಿಸಿ, ಅಂಗಿಯ ತೋಳು ಮಡಿಚಿ, ತಿರುಗಿಸಲು ನಿಂತೆ. ಅಷ್ಟರಲ್ಲಿ ಗೌಡರು ಹಿಂದಿನ ಬಾಗಿಲು ತೆಗೆದು, “ಹನುಮಂತನಗರಕ್ಕೆ ತಾನೇ ಅಮ್ಮಾ? ಕೂತ್ಕೊಳ್ಳಿ, ನಾನೇ ಬುಡ್ತೀನಿ,” ಎಂದರು.

ಟೀಚರಮ್ಮನವರು ವೀಣೆಯ ಜೊತೆ ಹತ್ತಿದರು. ವೀಣೆ ಅಷ್ಟು ಸುಲಭಕ್ಕೆ ಒಳಗೆ ಹಿಡಿಸಲಿಲ್ಲ; ಓರೆ ಮಾಡಿ, ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ನಾನು ತಿರುಗಿಸಿದೆ, ಇಲ್ಲ. ಮತ್ತೆ ತಿರುಗಿಸಿದೆ, ಕೆಮ್ಮಿ ನಿಂತಿತು. ಮೂರನೇ ಸಲಕ್ಕೆ ಎಂಜಿನ್ ಹಿಡಿಯಿತು. ಹ್ಯಾಂಡಲ್ ಕಿತ್ತುಕೊಂಡು ಪಕ್ಕಕ್ಕೆ ಹಾರಿದೆ, ಕಾರು ನನ್ನನ್ನು ದಾಟಿ ಮಣ್ಣಿನ ರಸ್ತೆಗೆ ಇಳಿಯಿತು. ಗವಸು ಹಾಕಿದ ವೀಣೆಯ ತುದಿ ಕಿಟಕಿಯಿಂದ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು, ಒಂದು ಕೈ ಅದನ್ನು ಹಿಡಿದಿತ್ತು.